ಕಲಶದ ಬಲಗಡೆಯ ಜಾಗ

“ಗುರುಗಳೇ, ವಿದ್ಯೆ ಸಮವಾಗಿದ್ದಾಗ ಗೆಲ್ಲುವುದು ಪೀಠವೇ?” ಎಂದು ಚೆನ್ನಮಲ್ಲ ಕೇಳಿದ.

ಮರುದಿನ ಮಠದಲ್ಲಿ ವಾದಸಭೆ. ಗೆದ್ದವನಿಗೆ ಕಿರಿಯರಿಗೆ ಪಾಠ ಹೇಳುವ ಅಧಿಕಾರ. ವಾದಿಗಳು ನಾಲ್ವರು. ಚೀಟಿ ಎತ್ತಿದಾಗ ಚೆನ್ನಮಲ್ಲನಿಗೆ ಮೊದಲ ಪೀಠ ಬಂದಿತ್ತು.

“ಉಳಿದ ಮೂವರು ನನ್ನ ಮಾತು ಕೇಳಿಸಿಕೊಂಡು ತಮ್ಮ ಮಾತು ಆಡುತ್ತಾರೆ. ನಾನು ಯಾರ ಮಾತನ್ನೂ ಕೇಳದೆ ಆಡಬೇಕು. ಇದು ಸಮವಲ್ಲ. ನನ್ನ ಪೀಠ ಬದಲಿಸಿಕೊಡಿ.”

“ಬದಲಿಸುವುದಿಲ್ಲ. ಪೀಠ ಸಮವಲ್ಲ ಎಂದು ನೀನು ಹೇಳಿದೆ. ಅದು ಸರಿ. ಈಗ ಬೆನ್ನು ನೆಟ್ಟಗೆ ಮಾಡಿ ಕುಳಿತುಕೋ. ಒಂದು ಎಲೆಯಾಟದ ಕತೆ ಹೇಳುತ್ತೇನೆ.”

“ಜೂಜಿನ ಕತೆಯೇ? ಮಠದಲ್ಲಿ?”

“ಮಠದಲ್ಲಿ ಜೂಜು ನಿಷಿದ್ಧ. ತಿಳಿವಳಿಕೆ ನಿಷಿದ್ಧವಲ್ಲ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ.

ಆ ಬಂದರಿನಲ್ಲಿ ಕಲ್ಲಿನ ಉಗ್ರಾಣ ಒಂದೇ. ಉಳಿದವೆಲ್ಲ ಸೋಗೆ ಹೊದಿಸಿದ ಚಪ್ಪರಗಳು. ಮಳೆಗಾಲದಲ್ಲಿ ಸೋಗೆಯ ಕೆಳಗೆ ಬೆಲ್ಲ ಸ್ವಲ್ಪ ಜಿನುಗುತ್ತದೆ. ಬಟ್ಟೆ ಸ್ವಲ್ಪ ಮುಗ್ಗುತ್ತದೆ. ಎಣ್ಣೆಗೆ ಏನೂ ಆಗುವುದಿಲ್ಲ. ಉಪ್ಪು ಮಾತ್ರ ನೀರಾಗಿ ಹರಿದು ಹೋಗುತ್ತದೆ. ಎರಡು ಮಳೆಗಾಲ ಆ ವರ್ತಕನ ಉಪ್ಪು ಹಾಗೆ ಹರಿದು ಹೋಗಿತ್ತು. ಮೂರನೆಯದನ್ನು ತಾಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಅವನ ಹೆಂಡತಿ ಹೇಳಿದ್ದಳು: “ಈ ಸಲವೂ ಉಗ್ರಾಣ ತಪ್ಪಿದರೆ ತಕ್ಕಡಿ ಮಾರಿಬಿಡಿ. ನನ್ನ ಅಣ್ಣನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದಕ್ಕೆ ಹೋಗಿ. ಅವನು ಬೇಡ ಅನ್ನುವುದಿಲ್ಲ. ಊರಿಗೆಲ್ಲ ಹೇಳಿಕೊಂಡು ಬರುತ್ತಾನೆ, ಅಷ್ಟೇ.”

ಉಗ್ರಾಣ ವರ್ಷಕ್ಕೆ ಒಬ್ಬರಿಗೆ. ಯಾರಿಗೆ ಎಂಬುದು ಬಲಿಪಾಡ್ಯಮಿಯ ಹಗಲು ಎಲೆಯಾಟದಲ್ಲಿ ತೀರ್ಮಾನವಾಗುತ್ತಿತ್ತು. ಆ ಒಂದು ದಿನ ಆಡಿದರೆ ದೋಷವಿಲ್ಲವೆಂದು ಊರು ನಂಬಿತ್ತು. ಹಣ ಇಡುವಂತಿರಲಿಲ್ಲ. ಬಂದರಿನ ಹಿರಿಯನೊಬ್ಬ ನಾಲ್ವರು ವರ್ತಕರಿಗೂ ಕವಡೆಗಳನ್ನು ಸಮನಾಗಿ ಅಳೆದು ಕೊಡುತ್ತಿದ್ದ. ಸಂಜೆ ಯಾರ ರಾಶಿ ದೊಡ್ಡದೋ ಬೀಗದ ಕೈ ಅವನಿಗೆ.

ಆಟದ ನಿಯಮ ಹೇಳುತ್ತೇನೆ. ಒಮ್ಮೆ ಮಾತ್ರ ಹೇಳುತ್ತೇನೆ.

ಮೊದಲು ಪ್ರತಿಯೊಬ್ಬರೂ ಒಂದೊಂದು ಕವಡೆ ನಡುವೆ ಇಡಬೇಕು. ಹಿರಿಯ ಮೂರು ಮೂರು ಎಲೆ ಹಂಚುತ್ತಾನೆ. ಮೂರೂ ಒಂದೇ ಆದರೆ ಎಲ್ಲಕ್ಕಿಂತ ಮೇಲು, ಅದು ಅಪರೂಪ. ಅದರ ಕೆಳಗೆ ಜೋಡಿ. ಜೋಡಿಯೂ ಇಲ್ಲದಿದ್ದರೆ ಬಿಡಿ ಎಲೆ. ಸರದಿ ಬಂದಾಗ ಆಟಗಾರ ಕವಡೆ ಇಟ್ಟು ಉಳಿಯಬೇಕು, ಇಲ್ಲವೇ ಎಲೆ ಬಿಡಬೇಕು. ಹಿಂದಿನವನು ಇಟ್ಟಷ್ಟನ್ನು ಮುಂದಿನವನು ಇಡಲೇಬೇಕು, ಬೇಕಾದರೆ ಹೆಚ್ಚಿಸಬಹುದು. ಹೆಚ್ಚಿಸಿದರೆ ಮೊದಲು ಇಟ್ಟವನೂ ಅಷ್ಟನ್ನು ತುಂಬಬೇಕು, ಇಲ್ಲವೇ ಬಿಡಬೇಕು. ಬಿಟ್ಟ ಎಲೆಯನ್ನು ಎಲ್ಲರಿಗೂ ಕಾಣುವಂತೆ ಅಂಗಾತ ಇಡಬೇಕು. ಇಬ್ಬರು ಉಳಿದರೆ ಎಲೆ ತೋರಿಸಬೇಕು. ಒಬ್ಬನೇ ಉಳಿದರೆ ತೋರಿಸಬೇಕಿಲ್ಲ. ನಡುವಿನ ರಾಶಿ ಅವನದು.

ಅಲ್ಲಿ ಇನ್ನೊಂದು ವಸ್ತು ಇತ್ತು. ಒಂದು ಹಿತ್ತಾಳೆಯ ಕಲಶ. ಅದು ಯಾರ ಎದುರಿಗಿದೆಯೋ ಅವನ ಬಲಗಡೆಯವನು ಮೊದಲು ಆಡಬೇಕು. ಸರದಿ ಬಲಕ್ಕೆ ಸುತ್ತಿ, ಕಲಶ ಎದುರಿಗಿರುವವನಲ್ಲಿ ಮುಗಿಯಬೇಕು. ಒಂದು ಆಟ ಮುಗಿದೊಡನೆ ಕಲಶ ಒಂದು ಜಾಗ ಬಲಕ್ಕೆ ಸರಿಯುತ್ತದೆ.

ಊರಿನವರು ಅದನ್ನು ಬಲಿರಾಯನ ಕಲಶ ಎನ್ನುತ್ತಿದ್ದರು. ಅದು ಎದುರಿಗೆ ಬಂದರೆ ಅದೃಷ್ಟ ಬಂತೆಂದು ಭಾವಿಸುತ್ತಿದ್ದರು. ಎರಡೂ ಕೈಗಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ತಮ್ಮ ಸರದಿ ಬರುವವರೆಗೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಕೊನೆಯಲ್ಲಿ ಆಡುವವನು ಉಳಿದವರ ಆಟವನ್ನೇ ನೋಡುತ್ತಿರಲಿಲ್ಲ. ಇದು ಆ ಊರಿನ ತಪ್ಪು. ಬೇರೆ ಊರಿನವರು ಈ ತಪ್ಪು ಮಾಡಲಾರರು. ಅವರಲ್ಲಿ ಕಲಶವಿಲ್ಲ.

ಉಪ್ಪಿನ ವರ್ತಕ ಎರಡು ವರ್ಷ ಸೋತಿದ್ದ. ಕೆಟ್ಟ ಎಲೆ ಬಂದು ಸೋತನೇ? ಅಲ್ಲ. ಒಳ್ಳೆಯ ಎಲೆ ಬಂದಾಗಲೇ ಹೆಚ್ಚು ಸೋತಿದ್ದ. ಏಕೆ ಎಂದು ಅವನು ಒಂದು ಮಳೆಗಾಲ ಪೂರ್ತಿ, ಕರಗುತ್ತಿದ್ದ ಉಪ್ಪಿನ ಎದುರು ಕುಳಿತು ಯೋಚಿಸಿದ. ಕೊನೆಗೆ ಕಂಡುಕೊಂಡ.

ಮೊದಲ ಜಾಗದಲ್ಲಿ ಕುಳಿತು ಒಳ್ಳೆಯ ಜೋಡಿಯ ಮೇಲೆ ಕವಡೆ ಇಟ್ಟಾಗ, ತನಗಿಂತ ಕಡಿಮೆ ಎಲೆ ಇದ್ದವರು ಬಿಟ್ಟು ಹೋಗುತ್ತಿದ್ದರು. ಹೆಚ್ಚಿನ ಎಲೆ ಇದ್ದವರು ಮಾತ್ರ ಉಳಿಯುತ್ತಿದ್ದರು. ಗೆದ್ದರೆ ಚಿಟಿಕೆಯಷ್ಟು, ಸೋತರೆ ಬೊಗಸೆ ತುಂಬ. ಅವನು ಇಟ್ಟ ಕವಡೆ ಮೂವರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಆ ಮೂವರ ಸುದ್ದಿ ಅವನಿಗೆ ಇರುತ್ತಿರಲಿಲ್ಲ. ಅದೇ ಜೋಡಿ ಕೊನೆಯ ಜಾಗದಲ್ಲಿ ಬಂದಿದ್ದರೆ ಅದಕ್ಕೆ ಬೇರೆಯೇ ಬೆಲೆ. ಕಲಶ ಕೊಡುವುದು ಅದೃಷ್ಟವನ್ನಲ್ಲ, ಕಿವಿಯನ್ನು ಎಂದು ಅವನಿಗೆ ತಿಳಿಯಿತು.

ಅವನು ಮನಸ್ಸಿನಲ್ಲಿ ನಿಯಮ ಮಾಡಿಕೊಂಡ. ಕಲಶದ ಬಲಗಡೆ ಕುಳಿತಾಗ ಯಾವ ಜೋಡಿ ಬಂದರೂ ಬಿಡುವುದು. ಕಲಶ ತನ್ನೆದುರಿಗೆ ಇದ್ದಾಗ ಎಲೆಗಿಂತ ಮೊದಲು ಮನುಷ್ಯರನ್ನು ನೋಡುವುದು. ನಡುವಿನ ಜಾಗಗಳಲ್ಲಿ, ತನ್ನ ನಂತರ ಆಡುವವರು ಎಷ್ಟು ಮಂದಿ ಎಂದು ನೋಡಿಕೊಂಡು ನಡೆಯುವುದು.

ಬಲಿಪಾಡ್ಯಮಿ ಬಂತು. ಬಂದರಿನ ಮಂಟಪದಲ್ಲಿ ಚಾಪೆ ಹಾಸಿದರು. ಉಪ್ಪಿನವನ ಬಲಕ್ಕೆ ಬೆಲ್ಲದ ವರ್ತಕ. ಅವನ ಬಲಕ್ಕೆ ಎಣ್ಣೆಯ ವರ್ತಕ. ಅವನ ಬಲಕ್ಕೆ ಬಟ್ಟೆಯ ವರ್ತಕ. ಕಲಶವನ್ನು ಬಟ್ಟೆಯವನ ಎದುರಿಗಿಟ್ಟರು. ಆದ್ದರಿಂದ ಉಪ್ಪಿನವನೇ ಮೊದಲು.

ಅವನಿಗೆ ರಾಣಿಯ ಜೋಡಿ ಬಂತು. ಅಂಗಾತ ಇಟ್ಟು ಬಿಟ್ಟ.

“ಎಂಥ ಮಾರಾಯ್ರೆ!” ಎಂದ ಬೆಲ್ಲದ ವರ್ತಕ. “ಇಬ್ಬರು ರಾಣಿಯರನ್ನು ಬೀದಿಗೆ ಹಾಕಿದಿರಿ. ಮನೆಯಲ್ಲಿ ಒಬ್ಬಳೇ ಸಾಕೋ?”

“ಒಬ್ಬಳೇ ಹೆಚ್ಚು” ಎಂದ ಉಪ್ಪಿನ ವರ್ತಕ.

“ಉಪ್ಪಿನ ಜೊತೆ ಶೆಟ್ಟರ ಧೈರ್ಯವೂ ಕರಗಿದೆ” ಎಂದ ಎಣ್ಣೆಯ ವರ್ತಕ.

ಆ ಆಟವನ್ನು ಬೆಲ್ಲದವನು ಹತ್ತರ ಜೋಡಿಯಿಂದ ಗೆದ್ದ. ಉಪ್ಪಿನವನು ಉಳಿದಿದ್ದರೆ ರಾಶಿ ಅವನದಾಗುತ್ತಿತ್ತು. ಮಂಟಪ ನಕ್ಕಿತು.

“ಗೆಲ್ಲುವ ಎಲೆಯನ್ನೇ ಬಿಟ್ಟನಲ್ಲ, ಗುರುಗಳೇ!” ಎಂದ ಚೆನ್ನಮಲ್ಲ.

“ಬಾಯಿ ಹಾಕಬೇಡ ಎಂದಿದ್ದೆ. ಅವನು ಕಳೆದುಕೊಂಡದ್ದು ಒಂದು ಕವಡೆ. ಒಂದು ಆಟದ ಫಲ ಕಂಡು ನಿಯಮ ಮುರಿಯುವವನಿಗೆ ನಿಯಮವೇ ಇರಲಿಲ್ಲ ಎಂದು ತಿಳಿ.”

ಗುರುಗಳು ಮುಂದುವರಿಸಿದರು.

ಕಲಶ ಬಲಕ್ಕೆ ಸರಿದು ಉಪ್ಪಿನವನ ಎದುರಿಗೆ ಬಂತು. ಅವನ ಎಲೆ ತೀರ ಸಾಮಾನ್ಯ. ಒಂಬತ್ತರ ಮೇಲೆ ಒಂದೂ ಇಲ್ಲ, ಜೋಡಿಯಂತೂ ಇಲ್ಲ. ಅವನು ಕಲಶವನ್ನು ಮುಟ್ಟಿ ನಮಸ್ಕರಿಸಿದ. ಕಣ್ಣು ಮುಚ್ಚಲಿಲ್ಲ. ಬೆಲ್ಲದವನು ಬಿಟ್ಟ. ಎಣ್ಣೆಯವನು ಬಿಟ್ಟ. ಬಟ್ಟೆಯವನು ಎರಡು ಕವಡೆ ಇಟ್ಟ. ಇಟ್ಟ ಮೇಲೂ ಬೆರಳನ್ನು ಕವಡೆಯ ಮೇಲಿಂದ ತೆಗೆಯಲಿಲ್ಲ. ಉಪ್ಪಿನವನು ಆ ಬೆರಳನ್ನು ನೋಡಿದ. ಒಂದು ಹಿಡಿ ಕವಡೆ ಇಟ್ಟ. ಬಟ್ಟೆಯವನು ಎಂಟರ ಜೋಡಿಯನ್ನು ಅಂಗಾತ ಇಟ್ಟು ಹಿಂದೆ ಸರಿದ.

“ಕಲಶದ ಮಹಿಮೆ” ಎಂದ ಬೆಲ್ಲದ ವರ್ತಕ.

“ಅದರದ್ದೇ” ಎಂದ ಉಪ್ಪಿನ ವರ್ತಕ. ಅವನು ಸುಳ್ಳು ಹೇಳಲಿಲ್ಲ.

ಬೆಳಗು ಹೀಗೆ ಕಳೆಯಿತು. ಕಲಶ ಸುತ್ತುತ್ತಲೇ ಇತ್ತು. ಅದು ಎದುರಿಗೆ ಬಂದಾಗ ಉಪ್ಪಿನವನು ಗೆಲ್ಲುತ್ತಿದ್ದ. ಅದು ಎಡಕ್ಕಿದ್ದಾಗ ಬಿಡುತ್ತಿದ್ದ. ಮೊದಲ ಜಾಗದಲ್ಲಿ ರಾಜರ ಜೋಡಿ ಬಿಟ್ಟ. ಒಮ್ಮೆ ಎಕ್ಕದ ಜೋಡಿಯನ್ನೂ ಬಿಟ್ಟ. ಅದಕ್ಕಿಂತ ದೊಡ್ಡ ಜೋಡಿ ಎಲೆಯಲ್ಲೇ ಇಲ್ಲ. ಬೆಲ್ಲದವನು ಅವನಿಗೆ ‘ಬಿಡುವ ಶೆಟ್ಟರು’ ಎಂದು ಹೆಸರಿಟ್ಟ. ನೋಡಲು ಬಂದವರು ಅದೇ ಹೆಸರಿನಿಂದ ಕರೆದರು. ಅವನು ಎಲ್ಲರಿಗೂ ಓಗೊಟ್ಟ.

ಎಣ್ಣೆಯ ವರ್ತಕನಿಗೆ ಒಂದು ಚಾಳಿ ಇತ್ತು. “ಎದುರಿನವರ ಎಲೆ ಏನಿತ್ತು ಅಂತ ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ” ಎನ್ನುತ್ತಿದ್ದ. ಯಾವ ಜಾಗದಲ್ಲಿ ಕುಳಿತಿದ್ದರೂ ಕವಡೆ ಇಟ್ಟು ಎಲ್ಲರ ಎಲೆಯನ್ನೂ ನೋಡಿದ. ಮಧ್ಯಾಹ್ನ ಅವನಿಗೆ ಊಟ ಚೆನ್ನಾಗಿ ಸೇರಿತು. ಕವಡೆ ಉಳಿದಿರಲಿಲ್ಲ. ಕೈ ತೊಳೆದು ಬಂದು ಕಂಬಕ್ಕೊರಗಿ ಕುಳಿತ. ಚಾಪೆಯ ಮೇಲೆ ಮೂವರು ಉಳಿದರು.

ಬಟ್ಟೆಯ ವರ್ತಕ ಮೂರ್ಖನಲ್ಲ. ಹಿಂದಿನ ಎರಡು ವರ್ಷ ಉಗ್ರಾಣ ಗೆದ್ದವನು ಅವನೇ. ಯಾರು ಎಲ್ಲಿ ಕುಳಿತು ಯಾವ ಎಲೆ ಬಿಟ್ಟರು ಎಂಬುದನ್ನು ಅವನು ಮರೆಯುತ್ತಿರಲಿಲ್ಲ. ಆ ಬಲವೇ ಅವನನ್ನು ಕೆಡಿಸಿತು. ಹೇಗೆಂದು ಕೇಳು.

ಬಿಸಿಲು ಇಳಿಯಿತು. “ಇನ್ನು ಮೂರೇ ಆಟ” ಎಂದು ಹಿರಿಯ ಸಾರಿದ.

ಮೂರರಲ್ಲಿ ಮೊದಲನೆಯದು. ಕಲಶ ಬೆಲ್ಲದವನ ಎದುರಿಗಿತ್ತು. ಬಟ್ಟೆಯವನು ಮೊದಲು ಆಡಿ ಬೊಗಸೆ ಕವಡೆ ಇಟ್ಟ. ಉಪ್ಪಿನವನು ಬಿಟ್ಟ. ಬೆಲ್ಲದವನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದವನು ಸರದಿ ಬಂದಾಗ ತೆರೆದ. “ಕಲಶ ಎದುರಿಗಿದ್ದಾಗ ಬಿಟ್ಟರೆ ಬಲಿರಾಯ ಮುನಿಯುತ್ತಾನೆ” ಎಂದು ತಾನೂ ಬೊಗಸೆ ಸುರಿದ. ಎಲೆ ತೋರಿಸಿದರು. ಇಬ್ಬರದೂ ಸಮ. ಸಮವಾದರೆ ರಾಶಿ ನಡುವೆಯೇ ಉಳಿದು ಮುಂದಿನ ಆಟಕ್ಕೆ ಸೇರಬೇಕು. ಹಾಗೆಯೇ ಉಳಿಯಿತು.

ಈಗ ಬೆಲ್ಲದವನ ಬಳಿ ಇದ್ದದ್ದು ಅಲ್ಪ. ಉಪ್ಪಿನವನ ರಾಶಿಯೂ ಬಟ್ಟೆಯವನ ರಾಶಿಯೂ ಹೆಚ್ಚುಕಡಿಮೆ ಸಮ. ನಡುವಿನ ಎರಡು ಬೊಗಸೆ ಯಾರ ಕಡೆ ಹೋಗುವುದೋ ಅವನು ಮುಂದೆ.

ಎರಡನೆಯ ಆಟ. ಕಲಶ ಬಟ್ಟೆಯವನ ಎದುರಿಗೆ ಬಂತು. ಉಪ್ಪಿನವನು ಅದರ ಬಲಗಡೆ. ಎಲ್ಲಕ್ಕಿಂತ ಕೆಟ್ಟ ಜಾಗ. ಅವನ ನಂತರ ಆಡುವವರು ಇಬ್ಬರು. ಅವರ ಬಗ್ಗೆ ಅವನಿಗೆ ಏನೂ ತಿಳಿಯದು. ಬಿಟ್ಟರೆ ನಡುವಿನ ರಾಶಿ ಹೋಯಿತು. ರಾಶಿ ಹೋದರೆ ಉಗ್ರಾಣ ಹೋಯಿತು. ಉಗ್ರಾಣ ಹೋದರೆ ಅಂಗಡಿಯೇ ಹೋಯಿತು.

“ಬಿಡಿ, ಬಿಡಿ” ಎಂದ ಬೆಲ್ಲದ ವರ್ತಕ. “ಅದು ನಿಮ್ಮ ಬಿಡುವ ಜಾಗ. ನಮಗೂ ಹೊತ್ತಾಯಿತು.”

ಉಪ್ಪಿನವನು ಎಲೆಗಳನ್ನು ಒಮ್ಮೆ ನೋಡಿ ಕೆಳಗಿಟ್ಟ. ತನ್ನ ರಾಶಿಯಲ್ಲಿ ಅರ್ಧವನ್ನು ಎರಡೂ ಕೈಗಳಿಂದ ನಡುವೆ ತಳ್ಳಿದ.

ಕಂಬಕ್ಕೊರಗಿದ್ದ ಎಣ್ಣೆಯವನು ಎದ್ದು ನಿಂತ.

ಬೆಲ್ಲದವನ ಕೈಯಲ್ಲಿ ರಾಜರ ಜೋಡಿ ಇತ್ತು. “ಇದೇ ಜಾಗದಲ್ಲಿ ಕುಳಿತು ಎಕ್ಕದ ಜೋಡಿ ಬಿಟ್ಟ ಮನುಷ್ಯ ಇವರು. ಈಗ ಇಟ್ಟಿದ್ದಾರೆ ಅಂದರೆ ಮೂರೂ ಒಂದೇ ಇರಬೇಕು. ನನಗೆ ಬೇಡಪ್ಪ” ಎಂದು ಎಲೆ ಬಿಟ್ಟ.

ಕೊನೆಗೆ ಬಟ್ಟೆಯವನ ಸರದಿ. ಆ ದಿನ ಮೊದಲ ಬಾರಿಗೆ ಅವನು ಕಲಶದ ಎದುರು ಕಣ್ಣು ತೆರೆದೇ ಕುಳಿತಿದ್ದ. ಅವನ ಕೈಯಲ್ಲಿ ಎಕ್ಕದ ಜೋಡಿ. ಅವನು ನೆನಪು ಮಾಡಿಕೊಂಡ. ರಾಣಿ, ರಾಜ, ಎಕ್ಕ: ಈ ಜಾಗದಿಂದ ಈ ಮನುಷ್ಯ ಬಿಟ್ಟದ್ದೆಲ್ಲ ಅವನ ಕಣ್ಣಮುಂದೆ ಅಂಗಾತ ಬಿದ್ದಿತ್ತು. “ಇನ್ನೊಂದು ಆಟ ಇದೆ. ಮೂರು ಒಂದೇ ಎಲೆಯ ಎದುರು ಜೋಡಿ ಹಿಡಿದು ನನ್ನ ರಾಶಿಯನ್ನು ಏಕೆ ಸುಡಲಿ?” ಎಂದ. ಎಕ್ಕದ ಜೋಡಿಯನ್ನು ಅಂಗಾತ ಇಟ್ಟ.

ಉಪ್ಪಿನ ವರ್ತಕ ನಡುವಿನ ರಾಶಿಯನ್ನೆಲ್ಲ ತನ್ನ ಕಡೆ ಎಳೆದುಕೊಂಡ. ತನ್ನ ಮೂರು ಎಲೆಗಳನ್ನು ಬೋರಲಾಗಿಯೇ ಹಿರಿಯನಿಗೆ ಒಪ್ಪಿಸಿದ. ಹಿರಿಯ ಅವನ್ನು ಕಟ್ಟಿನಲ್ಲಿ ಕಲಸಿಬಿಟ್ಟ.

ಬಟ್ಟೆಯವನು ಇನ್ನೊಂದು ಆಟ ಇದೆ ಎಂದು ಎಣಿಸಿದ್ದ. ಆಗ ಕಲಶ ಎಲ್ಲಿರುತ್ತದೆ ಎಂದು ಎಣಿಸಿರಲಿಲ್ಲ.

ಕೊನೆಯ ಆಟ. ಕಲಶ ಬಲಕ್ಕೆ ಸರಿಯಿತು. ಉಪ್ಪಿನವನ ಎದುರಿಗೆ ಬಂದು ನಿಂತಿತು.

ಬೆಲ್ಲದವನು ಮೊದಲು ಎಲೆ ಬಿಟ್ಟ. “ನನಗೇನು ಚಿಂತೆ? ಬೆಲ್ಲ ಜಿನುಗಿದರೆ ಇರುವೆಗಾದರೂ ಹಬ್ಬ” ಎಂದ. ಬಟ್ಟೆಯವನಿಗೆ ಬಿಡುವ ದಾರಿ ಇರಲಿಲ್ಲ. ತನ್ನಲ್ಲಿದ್ದ ಕವಡೆಯನ್ನೆಲ್ಲ ನಡುವೆ ಸುರಿದ. ಉಪ್ಪಿನವನೂ ಅಷ್ಟೇ ಇಟ್ಟು ಎದುರು ನಿಂತರೆ ಮಾತ್ರ ಅವನಿಗೆ ಆಸೆ.

“ಬನ್ನಿ ಶೆಟ್ಟರೆ” ಎಂದ. “ಬೆಳಗಿನಿಂದ ಬಿಟ್ಟದ್ದು ಸಾಕು. ಊರೆಲ್ಲ ನೋಡುತ್ತಿದೆ. ಒಂದು ಸಲ ಗಂಡಸಿನ ಹಾಗೆ ಆಡಿ.”

ಉಪ್ಪಿನವನು ಎಲೆ ನೋಡಿದ. ಎಕ್ಕದ ಜೋಡಿ. ಅವನು ಬಟ್ಟೆಯವನ ರಾಶಿಯನ್ನು ನೋಡಿದ. ತನ್ನ ರಾಶಿಯನ್ನು ನೋಡಿದ. ಎರಡು ಎಕ್ಕಗಳನ್ನೂ ಎಲ್ಲರಿಗೂ ಕಾಣುವಂತೆ ಅಂಗಾತ ಇಟ್ಟ.

“ಆಟ ನಿಮ್ಮದು” ಎಂದ.

“ಅಯ್ಯೋ, ಮತ್ತೆ ಬಿಟ್ಟರು!” ಎಂದು ಬೆಲ್ಲದವನು ಕೂಗಿದ. ಕೂಗಿದ ಮೇಲೆ ಅವನಿಗೂ ಅರ್ಥವಾಯಿತು. ಬಿಟ್ಟರೂ ಉಪ್ಪಿನವನ ರಾಶಿಯೇ ದೊಡ್ಡದು.

ನಡುವೆ ಗೆಲ್ಲುವುದಕ್ಕೆ ಇದ್ದದ್ದು ಆರಂಭದಲ್ಲಿ ಇಟ್ಟ ಒಂದೊಂದು ಕವಡೆ ಮಾತ್ರ. ಬಟ್ಟೆಯವನು ಅವನ್ನು ಎತ್ತಿಕೊಂಡ. ಆಟ ಗೆದ್ದ. ಉಗ್ರಾಣ ಸೋತ.

ಹಿರಿಯ ರಾಶಿಗಳನ್ನು ಎಲ್ಲರೆದುರು ಸೇರಿನಲ್ಲಿ ಅಳೆದ. ಉಪ್ಪಿನವನ ಪಾಲು ಅಳೆಯುತ್ತ ಅಳೆಯುತ್ತ ಮುಗಿಯಲಿಲ್ಲ. ಹಿರಿಯ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, “ಶೆಟ್ಟರೆ, ಇಡೀ ದಿನ ಬಿಟ್ಟಿರಿ. ಇದನ್ನಾದರೂ ಹಿಡಿಯಿರಿ” ಎಂದ.

ಕಡಲ ಕಡೆಯಿಂದ ಶಂಖ ಊದಿದರು. ಹಮಾಲರು ಕೇಕೆ ಹಾಕುತ್ತ ಬಂದರು. ಉಪ್ಪಿನ ಮೂಟೆಗಳು ಸೋಗೆಯ ಚಪ್ಪರದಿಂದ ಎದ್ದು, ತಲೆಯಿಂದ ತಲೆಗೆ ಸಾಗಿ, ಕಲ್ಲಿನ ಹೊಸ್ತಿಲು ದಾಟಿದವು. ‘ಬಿಡುವ ಶೆಟ್ಟರು’ ಎಂದು ಬೆಳಿಗ್ಗೆ ಅಣಕಿಸಿದವರೇ ಆ ಹೆಸರಿಗೆ ಜಯಕಾರ ಹಾಕಿದರು. ಅವನ ಹೆಂಡತಿ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಇನ್ನು ಅಣ್ಣನ ಪೊಟ್ಟಣ ಅಣ್ಣನೇ ಕಟ್ಟಿಕೊಳ್ಳಲಿ” ಎಂದಳು. ಊರಿಗೆಲ್ಲ ಕೇಳುವಂತೆ ಎಂದಳು.

ಮುಂದಿನ ಮಳೆಗಾಲ ಘೋರವಾಗಿತ್ತು. ಉಗ್ರಾಣದೊಳಗೆ ಒಂದು ಹರಳೂ ಕರಗಲಿಲ್ಲ. ಮಳೆ ನಿಂತ ದಿನ ಕರಾವಳಿಯಲ್ಲಿ ಉಪ್ಪು ಇದ್ದದ್ದು ಅವನೊಬ್ಬನಲ್ಲಿ. ಘಟ್ಟದ ಮೇಲಿನ ಸಂತೆಗಳಿಂದ ಎತ್ತುಗಳು ಸಾಲುಗಟ್ಟಿ ಇಳಿದು ಬಂದು ಅವನ ಬಾಗಿಲಲ್ಲಿ ನಿಂತವು. ಬಟ್ಟೆಯ ವರ್ತಕನೂ ಉಪ್ಪು ಕೊಳ್ಳಲು ಬಂದ. ತೂಕ ಮುಗಿದ ಮೇಲೆ ತಡೆಯಲಾರದೆ ಕೇಳಿದ: “ಒಂದು ಹೇಳಿ ಮಾರಾಯ್ರೆ. ಆ ದಿನ ನನ್ನ ಎಕ್ಕದ ಜೋಡಿ ಬಿಡಿಸಿದಿರಲ್ಲ, ನಿಮ್ಮ ಹತ್ತಿರ ಏನಿತ್ತು?”

ಉಪ್ಪಿನ ವರ್ತಕ ಒಂದು ಹಿಡಿ ಉಪ್ಪನ್ನು ಕೊಸರು ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನಮಲ್ಲ ಮುಂದಕ್ಕೆ ಬಾಗಿದ. “ಕತೆ ಮುಗಿಯಿತೇ, ಗುರುಗಳೇ? ನಿಮಗೆ ಗೊತ್ತಿರಬೇಕು. ಮೊದಲ ಜಾಗದಲ್ಲಿ ಕುಳಿತು ಅರ್ಧ ರಾಶಿ ಇಟ್ಟಾಗ ಅವನ ಕೈಯಲ್ಲಿ ಇದ್ದ ಎಲೆಗಳು ಯಾವುವು?”

“ಬೆಳಗಿನಿಂದ ಅವನು ಬಿಟ್ಟ ಎಲೆಗಳು. ಎದುರಿನವರು ಹೆದರಿದ್ದು ಅವಕ್ಕೇ. ನಾಳೆ ಮೊದಲ ಪೀಠದಲ್ಲಿ ನಿನ್ನ ಕೈಯಲ್ಲಿ, ನೀನು ಈವರೆಗೆ ಆಡದೆ ಬಿಟ್ಟ ಮಾತುಗಳು ಎಷ್ಟಿವೆ?”